ಪಂಪ್ ಕೆಟ್ಟಿತು ಅಂದ ತಕ್ಷಣ ಪಂಪ್ ಬಿಚ್ಚಬೇಡಿ: ರಿಫೈನರಿ, ಕೆಮಿಕಲ್ ಪ್ಲಾಂಟ್ ಕೆಲಸಕ್ಕೆ ಹೊರಟ ಕೊಡಗಿನವರಿಗೆ

ಕುಶಾಲನಗರ ಫಿಟ್ಟರ್

ಎಲ್ಲರಿಗೂ ನಮಸ್ಕಾರ. ಡಿಪ್ಲೊಮಾ, ಐಟಿಐ ಮುಗಿಸಿ ಮಂಗಳೂರಿಗೋ ಗಲ್ಫ್‌ಗೋ ಹೊರಟ ನಮ್ಮ ಜಿಲ್ಲೆಯ ಹುಡುಗರು ಆಗಾಗ ಕೇಳುತ್ತಾರೆ, "ಅಣ್ಣ, ರೊಟೇಟಿಂಗ್ ಸೆಕ್ಷನ್‌ಗೆ (ಪಂಪ್, ಕಂಪ್ರೆಸರ್ ಥರದ ತಿರುಗುವ ಯಂತ್ರಗಳ ವಿಭಾಗ) ಹಾಕಿದ್ದಾರೆ, ಏನು ಓದಿಕೊಂಡು ಹೋಗಲಿ?" ಅಂತ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಇಲ್ಲೇ ಬರೆಯುತ್ತೇನೆ. ಗೊತ್ತಿದ್ದವರು ಸೇರಿಸಿ.

ಮುಖ್ಯವಾಗಿ ನಾನು ಹೇಳೋದು ಒಂದೇ ಮಾತು. ಪಂಪ್ ಸದ್ದು ಮಾಡಿತು, ಸೀಲ್ (ಶಾಫ್ಟ್ ಸುತ್ತ ದ್ರವ ಹೊರಬರದಂತೆ ತಡೆಯುವ ಭಾಗ) ಸೋರಿತು, ಬೇರಿಂಗ್ ಹೋಯಿತು ಅಂದ ಕೂಡಲೇ ಸ್ಪ್ಯಾನರ್ ಹಿಡಿದು ಕೂರಬೇಡಿ. ಮೊದಲು ಸಕ್ಷನ್ ಲೈನ್, ಅಂದರೆ ಪಂಪಿಗೆ ದ್ರವ ಬರುವ ಪೈಪ್, ಹಿಡಿದುಕೊಂಡು ಹಿಂದಕ್ಕೆ ನಡೆಯಿರಿ. ಟ್ಯಾಂಕಿನ ಲೆವೆಲ್ ನೋಡಿ, ಸ್ಟ್ರೈನರ್ (ಕಸ ಹಿಡಿಯುವ ಜಾಲರಿ) ನೋಡಿ, ವಾಲ್ವ್ ನಿಜವಾಗಿ ಪೂರ್ತಿ ತೆರೆದಿದೆಯಾ ನೋಡಿ, ದ್ರವದ ಬಿಸಿ ಎಷ್ಟು ಅಂತ ಕಂಟ್ರೋಲ್ ರೂಮಿನಲ್ಲಿ ಕೇಳಿ. ಪಂಪ್ ತಾನಾಗಿಯೇ ಕೆಡುವುದು ಕಮ್ಮಿ. ಅದಕ್ಕೆ ಏನು ಬರುತ್ತಿದೆ, ಹೇಗೆ ಬರುತ್ತಿದೆ ಅನ್ನುವುದರಲ್ಲೇ ಬಹಳ ಸಲ ರೋಗ ಇರುತ್ತದೆ.

ನಾನು ಕೆಲಸ ಮಾಡುತ್ತಿದ್ದ ಒಂದು ಕೆಮಿಕಲ್ ಪ್ಲಾಂಟಿನಲ್ಲಿ ಸಾಲ್ವೆಂಟ್ ಪಂಪ್ ಒಂದಿತ್ತು. ಅದರ ಮೆಕ್ಯಾನಿಕಲ್ ಸೀಲ್ ಪದೇಪದೇ ಹೋಗುತ್ತಿತ್ತು. ಸೀಲ್ ಕಂಪನಿಯವರದ್ದೇ ತಪ್ಪು ಅಂತ ಮೇಲಿನವರು ತೀರ್ಮಾನ ಮಾಡಿ, ಬೇರೆ ಕಂಪನಿಯ ಸೀಲ್ ತರಿಸಿದರು. ಅದೂ ಹೋಯಿತು. ಪಂಪ್ ಹತ್ತಿರ ನಿಂತರೆ ಒಳಗೆ ಜಲ್ಲಿ ಕಲ್ಲು ಉರುಳಿದ ಹಾಗೆ ಸದ್ದು. ಬಿಚ್ಚಿದಾಗ ಇಂಪೆಲ್ಲರ್ (ಒಳಗೆ ತಿರುಗಿ ದ್ರವವನ್ನು ಎಸೆಯುವ ಚಕ್ರ) ಕೈಗೆ ತೆಗೆದುಕೊಂಡು ನೋಡಿದೆ. ಹೊರ ಅಂಚು ಹೊಸದರಂತೆ ಇದೆ. ಆದರೆ ದ್ರವ ಒಳಗೆ ಬರುವ ಕಡೆ, ಬ್ಲೇಡ್ ಶುರುವಾಗುವ ಜಾಗದಿಂದ ಸ್ವಲ್ಪ ಒಳಗೆ, ಸಣ್ಣ ಸಣ್ಣ ಗುಳಿಗಳು. ಬೆರಳಾಡಿಸಿದರೆ ಚರ್ಮ ಕೆರೆಯುವಷ್ಟು ಒರಟು. ಇದು ಕ್ಯಾವಿಟೇಶನ್ ಗುರುತು. ಅಲ್ಲಿ ಒತ್ತಡ ಇಳಿದು ದ್ರವ ಕುದಿಯುತ್ತದೆ, ಗುಳ್ಳೆ ಹುಟ್ಟುತ್ತದೆ, ಸ್ವಲ್ಪ ಮುಂದೆ ಒತ್ತಡ ಏರಿದ ಕೂಡಲೇ ಆ ಗುಳ್ಳೆ ಒಡೆದು ಲೋಹವನ್ನು ಚೂರುಚೂರಾಗಿ ಕೀಳುತ್ತದೆ. ಆ ಅದುರಾಟಕ್ಕೆ ಯಾವ ಸೀಲ್ ತಡೆಯುತ್ತದೆ ಹೇಳಿ?

ಕೊನೆಗೆ ಸಕ್ಷನ್ ಫ್ಲೇಂಜ್ (ಪೈಪ್ ಜೋಡಿಸಿ ಬೋಲ್ಟ್ ಬಿಗಿಯುವ ಬಿಲ್ಲೆ) ಬಿಚ್ಚಿಸಿದಾಗ ಒಳಗೆ ಕೋನ್ ಸ್ಟ್ರೈನರ್ ಸಿಕ್ಕಿತು. ಪ್ಲಾಂಟ್ ಶುರು ಮಾಡುವಾಗ ವೆಲ್ಡಿಂಗ್ ಚೂರು ಹಿಡಿಯಲಿ ಅಂತ ತಾತ್ಕಾಲಿಕವಾಗಿ ಹಾಕಿದ್ದು. ತೆಗೆಯಲು ಮರೆತಿದ್ದರು. ಡ್ರಾಯಿಂಗ್‌ನಲ್ಲೂ ಇರಲಿಲ್ಲ. ಅದನ್ನು ತೆಗೆದ ಮೇಲೆ ಅದೇ ಹಳೇ ಕಂಪನಿಯ ಸೀಲ್ ಹಾಕಿದೆವು, ಪಂಪ್ ಸುಮ್ನೆ ಓಡಿತು.

ಸುಂಟಿಕೊಪ್ಪ ತೋಟ

ಫಿಟ್ಟರ್ ಅಣ್ಣ, ನನಗೆ ರಿಫೈನರಿ ಗೊತ್ತಿಲ್ಲ, ಆದರೆ ನೀವು ಹೇಳಿದ ಸದ್ದು ನನ್ನ ತೋಟದ ಪಂಪಿನಲ್ಲೂ ಇದೆ. ಹೂ ಮಳೆ ಬಾರದಿದ್ದರೆ ಫೆಬ್ರವರಿ-ಮಾರ್ಚ್‌ನಲ್ಲಿ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕಲೇಬೇಕು, ಅದು ಎಲ್ಲರಿಗೂ ಗೊತ್ತಿರುವುದೇ. ಕೆರೆ ತುಂಬಿದ್ದಾಗ ಡೀಸೆಲ್ ಪಂಪ್ ಚೆನ್ನಾಗಿ ಓಡುತ್ತದೆ. ನೀರು ಇಳಿದ ಮೇಲೆ ಜೆಟ್ ದೂರಕ್ಕೆ ಹಾರುವುದಿಲ್ಲ, ಪಂಪ್ ಕಿರಿಕಿರಿ ಸದ್ದು ಮಾಡುತ್ತದೆ. ಪೈಪಿನ ತಳದ ಫುಟ್ ವಾಲ್ವ್ ಬದಲಾಯಿಸಿದೆ, ಶಾಫ್ಟ್ ಸುತ್ತ ಸೋರದಂತೆ ತುಂಬುವ ಗ್ಲ್ಯಾಂಡ್ ಪ್ಯಾಕಿಂಗ್ ಹೊಸದು ಹಾಕಿಸಿದೆ. ಮೆಕ್ಯಾನಿಕ್ ಈಗ ಇಂಪೆಲ್ಲರ್ ಹೊಸದು ಬೇಕು ಅನ್ನುತ್ತಿದ್ದಾನೆ. ನನ್ನ ಭಾವನ ತೋಟ ಪುತ್ತೂರು ಕಡೆ. ಅವರ ಹತ್ತಿರ ಇದೇ ಪಂಪ್, ಇದೇ ಆಳದಿಂದ ಏನೂ ತೊಂದರೆ ಇಲ್ಲದೆ ಎತ್ತುತ್ತದೆ. ಏನು ಕಾರಣ?

ಕುಶಾಲನಗರ ಫಿಟ್ಟರ್

ತೋಟದವರೇ, ಇಂಪೆಲ್ಲರ್ ಸದ್ಯಕ್ಕೆ ತರಬೇಡಿ. ನಿಮ್ಮ ಭಾವನ ತೋಟ ತಗ್ಗಿನಲ್ಲಿದೆ, ನಿಮ್ಮದು ಬೆಟ್ಟದ ಮೇಲಿದೆ. ಅದೇ ಕಾರಣ.

ಪಂಪ್ ನೀರನ್ನು ಎಳೆಯುತ್ತದೆ ಅಂತ ನಾವು ಹೇಳುತ್ತೇವೆ. ನಿಜವಾಗಿ ಕೆರೆಯ ಮೇಲಿನ ಗಾಳಿಯ ಒತ್ತಡ ನೀರನ್ನು ಪೈಪಿನೊಳಗೆ ತಳ್ಳುತ್ತದೆ. ಸಮುದ್ರ ಮಟ್ಟದಲ್ಲಿ ಆ ಗಾಳಿ 10.3 ಮೀಟರ್ ನೀರನ್ನು ಎತ್ತಿ ಹಿಡಿಯಬಲ್ಲದು. ಮಡಿಕೇರಿ ಎತ್ತರದಲ್ಲಿ, ಅಂದರೆ ಸುಮಾರು 1,150 ಮೀಟರ್‌ನಲ್ಲಿ, ಅದು 9 ಮೀಟರ್ ಹತ್ತಿರಕ್ಕೆ ಇಳಿಯುತ್ತದೆ. ಸುಂಟಿಕೊಪ್ಪ ಅದಕ್ಕಿಂತ ಕೆಳಗಿದೆ, ಸ್ವಲ್ಪ ಜಾಸ್ತಿ ಸಿಗುತ್ತದೆ ಅಷ್ಟೇ.

ಮಡಿಕೇರಿ ಲೆಕ್ಕದಲ್ಲೇ ಮಾಡೋಣ. 9 ಮೀಟರ್‌ನಲ್ಲಿ ನೀರಿನ ಆವಿಯ ಒತ್ತಡಕ್ಕೆ 0.3 ಕಳೆಯಿರಿ. ಫುಟ್ ವಾಲ್ವ್, ಬೆಂಡ್, ಪೈಪಿನ ಉಜ್ಜಾಟಕ್ಕೆ ಒಂದೂವರೆ ಅಂತ ಇಟ್ಟುಕೊಳ್ಳಿ. ಪಂಪಿಗೆ ತನ್ನ ಬಾಯಿಯಲ್ಲಿ ಇಷ್ಟು ಒತ್ತಡ ಬೇಕೇ ಬೇಕು ಅಂತ ಒಂದು ಲೆಕ್ಕ ಇರುತ್ತದೆ, ಎನ್‌ಪಿಎಸ್‌ಎಚ್ ಅನ್ನುತ್ತಾರೆ, ಅದು 3 ಮೀಟರ್ ಅಂತ ಇಡೋಣ. ಕೈಯಲ್ಲಿ ಒಂದು ಮೀಟರ್ ಉಳಿಸಿಕೊಳ್ಳಿ. ಉಳಿದದ್ದು 3.2 ಮೀಟರ್. ಅಷ್ಟೇ ಎತ್ತರಕ್ಕೆ ನೀವು ಪಂಪ್ ಇಡಬಹುದು. ತಗ್ಗಿನ ಊರಿನಲ್ಲಿ ಇದೇ ಪಂಪ್ ನಾಲ್ಕೂವರೆ ಮೀಟರ್ ಹತ್ತಿರ ಎತ್ತುತ್ತದೆ.

ಕೆರೆ ಇಳಿದಾಗ ಪಂಪನ್ನೂ ಕೆಳಗೆ ಇಳಿಸಿ. ಗಟ್ಟಿ ಕಟ್ಟೆ ಒಂದನ್ನು ಕೆಳಗೆ ಹಾಕಿಸಿದರೂ ಆಯಿತು. ಸಕ್ಷನ್ ಪೈಪ್ ಒಂದು ಸೈಜ್ ದೊಡ್ಡದು ಹಾಕಿ, ಬೆಂಡ್ ಕಡಿಮೆ ಮಾಡಿ. ಡೆಲಿವರಿ ಕಡೆ ಎಷ್ಟು ದೂರ ತಳ್ಳಿದರೂ ಪಂಪ್ ತಡೆಯುತ್ತದೆ. ಸಕ್ಷನ್ ಕಡೆ ಕೊಂಚ ಹೆಚ್ಚಾದರೂ ತಡೆಯುವುದಿಲ್ಲ.

ಹುಡುಗರೇ, ಈ ಲೆಕ್ಕ ನೀವೂ ಬರೆದುಕೊಳ್ಳಿ. ಕ್ರೂಡ್ ಪಂಪಿಗೂ ಇದೇ ಲೆಕ್ಕ, ಅಂಕಿ ಬೇರೆ.

ವಿರಾಜಪೇಟೆ ಕೆಮಿಕಲ್

ನಾನು ಮಂಗಳೂರು ಕಡೆ ಪ್ರೋಸೆಸ್ ಇಂಜಿನಿಯರ್. ಫಿಟ್ಟರ್ ಸರ್ ಹೇಳಿದ್ದಕ್ಕೆ ನಮ್ಮ ಕಡೆಯಿಂದ ಒಂದು ಸೇರಿಸುತ್ತೇನೆ, ಯಾಕೆಂದರೆ ಹೊಸಬರು ಇಲ್ಲೇ ಎಡವುತ್ತಾರೆ.

ಕೆರೆ ನೀರು ತಣ್ಣಗಿರುತ್ತದೆ, ಗಾಳಿಯ ಒತ್ತಡದ ಸಹಾಯ ಇರುತ್ತದೆ. ಪ್ಲಾಂಟಿನಲ್ಲಿ ಅನೇಕ ಪಂಪ್‌ಗಳಿಗೆ ಬರುವ ದ್ರವ ಕುದಿಯುವ ಹಂತದಲ್ಲೇ ಇರುತ್ತದೆ. ಎಲ್‌ಪಿಜಿ ತುಂಬಿಡುವ ಗೋಳದಂಥ ಟ್ಯಾಂಕ್ ನೋಡಿ. ಒಳಗೆ ಎಷ್ಟೋ ಬಾರ್ ಒತ್ತಡ ಇದೆ, ಪಂಪಿಗೆ ಇನ್ನೇನು ಚಿಂತೆ ಅನ್ನಿಸುತ್ತದೆ. ಆದರೆ ಆ ಒತ್ತಡವೇ ಎಲ್‌ಪಿಜಿಯ ಆವಿಯ ಒತ್ತಡ. ಒಂದಕ್ಕೊಂದು ವಜಾ ಆಗಿ ಸೊನ್ನೆ. ಉಳಿಯುವುದು ದ್ರವದ ಮಟ್ಟ ಪಂಪಿಗಿಂತ ಎಷ್ಟು ಎತ್ತರದಲ್ಲಿದೆ ಅನ್ನುವುದು ಮಾತ್ರ, ಅದರಲ್ಲೂ ಪೈಪಿನ ನಷ್ಟ ಕಳೆಯಬೇಕು.

ಅದಕ್ಕೇ ಡಿಸ್ಟಿಲೇಶನ್ ಕಾಲಮ್‌ಗಳನ್ನು (ದ್ರವ ಕುದಿಸಿ ಬೇರ್ಪಡಿಸುವ ಗೋಪುರ) ಎತ್ತರದ ಸ್ಕರ್ಟ್, ಅಂದರೆ ಉಕ್ಕಿನ ಬುಡದ ಮೇಲೆ ನಿಲ್ಲಿಸುವುದು. ರಸ್ತೆಯಿಂದ ನೋಡುವವರಿಗೆ ಸುಮ್ನೆ ಕಬ್ಬಿಣ ಖರ್ಚು ಮಾಡಿದಂತೆ ಕಾಣಬಹುದು. ಆ ಎತ್ತರ ತಳದ ಪಂಪಿಗಾಗಿ ಇರುವುದು. ಕಾಲಮ್ ಎತ್ತರಿಸಲು ಆಗದಿದ್ದರೆ ಪಂಪನ್ನು ನೆಲದೊಳಗೆ ಇಳಿಸುತ್ತಾರೆ, ವರ್ಟಿಕಲ್ ಕ್ಯಾನ್ ಪಂಪ್ ಅಂತ. ಮೇಲೆ ಮೋಟಾರ್ ಮಾತ್ರ ಕಾಣುತ್ತದೆ, ಇಂಪೆಲ್ಲರ್‌ಗಳು ಗುಂಡಿಯೊಳಗೆ ಉದ್ದ ಡಬ್ಬಿಯಲ್ಲಿ ಇರುತ್ತವೆ.

ಮಂಗಳೂರಿನಲ್ಲೂ ಉಡುಪಿಯ ಪಾದೂರಿನಲ್ಲೂ ದೇಶದ ತುರ್ತು ಕ್ರೂಡ್ ಸಂಗ್ರಹ ಇದೆ, ಬಂಡೆ ಕೊರೆದು ಮಾಡಿದ ಗುಹೆಗಳಲ್ಲಿ. ಮಂಗಳೂರಿನದ್ದು 15 ಲಕ್ಷ ಟನ್, ಪಾದೂರಿನದ್ದು 25 ಲಕ್ಷ ಟನ್. ಅಷ್ಟು ಆಳದಿಂದ ಮೇಲೆ ಕೂತ ಪಂಪ್ ಎಳೆಯಲು ಸಾಧ್ಯವೇ ಇಲ್ಲ, ಸುಂಟಿಕೊಪ್ಪದ ಕೆರೆಯ ಲೆಕ್ಕವೇ ಅಲ್ಲೂ. ಹಾಗಾಗಿ ಸಬ್‌ಮರ್ಸಿಬಲ್ ಪಂಪ್ ಇಳಿಸಿ ಕೆಳಗಿನಿಂದ ತಳ್ಳುತ್ತಾರೆ.

ಗೋಣಿಕೊಪ್ಪ ಡಿಪ್ಲೊಮಾ

ಅಕ್ಕ, ಇದನ್ನು ಕಾಲೇಜಿನಲ್ಲಿ ಫಾರ್ಮುಲಾ ಬರೆಸಿದ್ದರು, ಕಾಲಮ್ ಯಾಕೆ ಎತ್ತರ ಅಂತ ಇವತ್ತು ಗೊತ್ತಾಯಿತು. ಒಂದು ಪ್ರಶ್ನೆ. ನನ್ನ ಸೀನಿಯರ್‌ಗೆ ಇಂಟರ್‌ವ್ಯೂನಲ್ಲಿ ಕೇಳಿದರಂತೆ, ರಿಫೈನರಿಯಲ್ಲಿ ಹೈಡ್ರೋಜನ್‌ಗೆ ಯಾಕೆ ರೆಸಿಪ್ರೊಕೇಟಿಂಗ್ (ಪಿಸ್ಟನ್) ಕಂಪ್ರೆಸರ್, ಸೆಂಟ್ರಿಫ್ಯೂಗಲ್ ಯಾಕೆ ಇಲ್ಲ ಅಂತ. ಹೈಡ್ರೋಜನ್ ಅಪಾಯದ ಗ್ಯಾಸ್, ಅದಕ್ಕೆ ಅಂದನಂತೆ. ಅದು ಸರಿ ಉತ್ತರವಾ?

ನಾಪೋಕ್ಲು ಟು ಗಲ್ಫ್

ಅಲ್ಲ ತಮ್ಮ. ಕಾರಣ ಹೈಡ್ರೋಜನ್ ಹಗುರ ಅನ್ನುವುದು.

ಸೆಂಟ್ರಿಫ್ಯೂಗಲ್ ಯಂತ್ರ ಗ್ಯಾಸನ್ನು ಜೋರಾಗಿ ತಿರುಗಿಸಿ ಎಸೆಯುತ್ತದೆ, ಆ ವೇಗವೇ ಆಮೇಲೆ ಒತ್ತಡ ಆಗುವುದು. ಭಾರದ ಗ್ಯಾಸ್ ಆದರೆ ಒಂದು ಇಂಪೆಲ್ಲರ್‌ಗೆ ಒತ್ತಡ ಚೆನ್ನಾಗಿ ಏರುತ್ತದೆ. ಹೈಡ್ರೋಜನ್ ಅಣುಭಾರ 2, ನೈಟ್ರೋಜನ್‌ದು 28. ಎಷ್ಟು ಎಸೆದರೂ ಹೈಡ್ರೋಜನ್‌ನಲ್ಲಿ ಒತ್ತಡ ಸಾಕಷ್ಟು ಏರುವುದಿಲ್ಲ, ಇಂಪೆಲ್ಲರ್ ಮೇಲೆ ಇಂಪೆಲ್ಲರ್ ಹಾಕುತ್ತಾ ಹೋಗಬೇಕು. ಪಿಸ್ಟನ್‌ಗೆ ಆ ತೊಂದರೆ ಇಲ್ಲ. ಸಿಲಿಂಡರ್‌ನಲ್ಲಿ ಹಿಡಿದು ಹಿಂಡುತ್ತದೆ, ಹಗುರವಾದರೂ ಭಾರವಾದರೂ ಒಂದೇ. ಅದಕ್ಕೇ ಮೇಕಪ್ ಹೈಡ್ರೋಜನ್‌ಗೆ (ಖರ್ಚಾದದ್ದಕ್ಕೆ ಬದಲು ಹೊಸದಾಗಿ ಸೇರಿಸುವುದು) ಪಿಸ್ಟನ್ ಯಂತ್ರ. ಹೈಡ್ರೋಟ್ರೀಟರ್‌ನ (ಹೈಡ್ರೋಜನ್‌ನಿಂದ ಗಂಧಕ ತೆಗೆಯುವ ಘಟಕ) ರಿಸೈಕಲ್ ಗ್ಯಾಸ್‌ಗೆ ಮಾತ್ರ ಸೆಂಟ್ರಿಫ್ಯೂಗಲ್ ಸಾಕಾಗುತ್ತದೆ, ಯಾಕೆಂದರೆ ಅಲ್ಲಿ ಸುತ್ತಿ ಬಂದ ಗ್ಯಾಸಿನ ಒತ್ತಡವನ್ನು ಸ್ವಲ್ಪವೇ ಏರಿಸಬೇಕು, ಪ್ರಮಾಣ ಜಾಸ್ತಿ.

ಪಿಸ್ಟನ್ ಯಂತ್ರಕ್ಕೆ ಬೇರೆ ಕಷ್ಟ. ಹಿಂಡಿದರೆ ಬಿಸಿ. 40 ಡಿಗ್ರಿಯ ಹೈಡ್ರೋಜನ್‌ನ ಒತ್ತಡವನ್ನು ಎರಡೂವರೆ ಪಟ್ಟು ಮಾಡಿದರೆ ಲೆಕ್ಕದ ಪ್ರಕಾರ 135 ಡಿಗ್ರಿ ಹತ್ತಿರ ಹೋಗುತ್ತದೆ. ಮೂರು ಪಟ್ಟು ಮಾಡಿದರೆ 155 ದಾಟುತ್ತದೆ. ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) 618 ಅನ್ನುವ ಸ್ಟ್ಯಾಂಡರ್ಡ್ ಹೈಡ್ರೋಜನ್ ಜಾಸ್ತಿ ಇರುವ ಗ್ಯಾಸಿಗೆ 135 ಡಿಗ್ರಿಯ ಮಿತಿ ಹೇಳುವುದು ಇದಕ್ಕೇ, ಪಿಸ್ಟನ್ ರಿಂಗ್, ಪ್ಯಾಕಿಂಗ್, ವಾಲ್ವ್ ಉಳಿಯಲಿ ಅಂತ. ಹಾಗಾಗಿ 20 ಬಾರ್‌ನಿಂದ 125 ಬಾರ್‌ಗೆ ಹೋಗಬೇಕಾದರೆ ಒಂದೇ ಏಟಿಗೆ ಹಿಂಡುವುದಿಲ್ಲ, ಹಂತ ಮಾಡಿ ನಡುವೆ ಕೂಲರ್‌ನಲ್ಲಿ ತಣ್ಣಗೆ ಮಾಡುತ್ತಾರೆ.

ಈ ಯಂತ್ರ ಯಾಕೆ ಮುಖ್ಯ ಗೊತ್ತಾ? 2020ರ ಏಪ್ರಿಲ್ 1ರಿಂದ ದೇಶವೆಲ್ಲ ಬಿಎಸ್-6 ಇಂಧನ. ಡೀಸೆಲ್‌ನಲ್ಲಿ ಗಂಧಕ 50 ಪಿಪಿಎಂ ಇದ್ದದ್ದು 10ಕ್ಕೆ ಇಳಿಯಿತು. ಆ ಗಂಧಕ ತೆಗೆಯುವುದು ಹೈಡ್ರೋಜನ್‌ನಿಂದ. ನಮ್ಮೂರಿನ ಜೀಪಿಗೆ ಹಾಕುವ ಡೀಸೆಲ್ ಹಿಂದೆ ಎಲ್ಲೋ ಒಂದು ಹೈಡ್ರೋಜನ್ ಕಂಪ್ರೆಸರ್ ಹಗಲು ರಾತ್ರಿ ಓಡುತ್ತಿರುತ್ತದೆ.

ವಿರಾಜಪೇಟೆ ಕೆಮಿಕಲ್

ತೋಟಕ್ಕೆ ಹಾಕುವ ಯೂರಿಯಾ ಹಿಂದೆಯೂ ಅಷ್ಟೇ. ಅಮೋನಿಯಾ ಮಾಡಲು ನೈಟ್ರೋಜನ್, ಹೈಡ್ರೋಜನ್ ಮಿಶ್ರಣವನ್ನು 150-200 ಬಾರ್‌ಗೆ ಏರಿಸಬೇಕು, ಯೂರಿಯಾ ಮಾಡಲು ಕಾರ್ಬನ್ ಡೈಆಕ್ಸೈಡ್ ಅನ್ನು 140 ಬಾರ್ ಆಸುಪಾಸಿಗೆ.

ಅಮೋನಿಯಾದ ಆ ಮಿಶ್ರಣ ಬರೀ ಹೈಡ್ರೋಜನ್‌ಗಿಂತ ಭಾರ, ಪ್ರಮಾಣವೂ ಬಹಳ. ಅದಕ್ಕೆ ದೊಡ್ಡ ಪ್ಲಾಂಟ್‌ಗಳಲ್ಲಿ ಸೆಂಟ್ರಿಫ್ಯೂಗಲ್ ಬಳಸುತ್ತಾರೆ.

ಸಂಪಾಜೆ ಮಿಲ್‌ರೈಟ್

ಎಲ್ಲ ಸರಿ, ಆದರೆ ಫಿಟ್ಟರ್ ಅವರ ಒಂದೇ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಸಕ್ಷನ್ ಸಕ್ಷನ್ ಅಂತ ಎಲ್ಲದಕ್ಕೂ ಹೇಳಿದರೆ ಹುಡುಗರು ಅಲೈನ್‌ಮೆಂಟ್, ಅಂದರೆ ಪಂಪ್ ಮತ್ತು ಮೋಟಾರ್ ಶಾಫ್ಟ್ ಒಂದೇ ನೇರಕ್ಕೆ ಇರುವುದನ್ನು, ಮರೆಯುತ್ತಾರೆ. ನಾನು ನೋಡಿದ ಬೇರಿಂಗ್ ಫೇಲ್ಯೂರ್‌ಗಳಲ್ಲಿ ಪೈಪ್ ಎಳೆತದ್ದೇ ಜಾಸ್ತಿ. ಪೈಪ್ ಫಿಟ್ಟರ್ ಫ್ಲೇಂಜ್ ಕೂರದಿದ್ದರೆ ಚೈನ್ ಬ್ಲಾಕ್ ಹಾಕಿ ಎಳೆದು ಬೋಲ್ಟ್ ಬಿಗಿಯುತ್ತಾನೆ. ಪಂಪ್ ಅಷ್ಟು ಹೊತ್ತಿಗೇ ಓರೆ ಆಗಿರುತ್ತದೆ. ಆಮೇಲೆ ಲೇಸರ್ ಇಟ್ಟು ಮೋಟಾರ್ ಸರಿ ಮಾಡಿದರೆ ಏನು ಬಂತು?

ಪರೀಕ್ಷೆ ಸುಲಭ. ಕಪ್ಲಿಂಗ್ (ಎರಡು ಶಾಫ್ಟ್ ಸೇರಿಸುವ ಭಾಗ) ಮೇಲೆ ಡಯಲ್ ಗೇಜ್ ಇಡಿ, ಒಂದು ನೇರಕ್ಕೆ, ಒಂದು ಅಡ್ಡಕ್ಕೆ. ಫ್ಲೇಂಜ್ ಬೋಲ್ಟ್ ಬಿಗಿಯುತ್ತಾ ಸೂಜಿ ನೋಡಿ. 0.05 ಮಿಲಿಮೀಟರ್‌ಗಿಂತ ಜಾಸ್ತಿ ಆಡಿದರೆ ಪೈಪ್ ಕತ್ತರಿಸಿ ಸರಿ ಮಾಡಿಸಿ. ಎಪಿಐ 686 ಹೇಳುವುದೂ ಅದನ್ನೇ. ಬೇಸ್ ಪ್ಲೇಟ್ ಮೇಲೆ ಮೋಟಾರಿನ ನಾಲ್ಕು ಕಾಲೂ ಸಮವಾಗಿ ಕೂತಿದೆಯಾ ಅಂತಲೂ ನೋಡಿ. ಒಂದು ಕಾಲು ಎತ್ತಿದ್ದರೆ ಬೋಲ್ಟ್ ಬಿಗಿದಾಗ ಬಾಡಿಯೇ ತಿರುಚುತ್ತದೆ.

ಇದನ್ನು ಹೇಳಿದರೆ ಕೆಲವು ಕಾಂಟ್ರಾಕ್ಟರ್‌ಗಳಿಗೆ ಸಿಟ್ಟು ಬರುತ್ತದೆ. ಬರಲಿ. ಸೂಜಿ ಆಡುತ್ತಿದ್ದರೆ ಸಹಿ ಹಾಕಬೇಡಿ.

ಕುಶಾಲನಗರ ಫಿಟ್ಟರ್

ಸಂಪಾಜೆ ಅಣ್ಣ, ನೀವು ಹೇಳಿದ್ದೂ ನಾನು ಹೇಳಿದ್ದೂ ಒಂದೇ ದಾರಿಯಲ್ಲಿದೆ. ಪೈಪ್ ಎಳೆತವೂ ಪಂಪಿನ ಹೊರಗಿನ ರೋಗವೇ ತಾನೇ. ಒಳಗಿನ ಭಾಗ ಬದಲಾಯಿಸಿ ಅದು ವಾಸಿಯಾಗುವುದಿಲ್ಲ. ಆದರೆ ಕ್ರಮ ಬೇಕು ಅನ್ನುವುದು ನನ್ನ ವಾದ. ಓಡುತ್ತಿರುವಾಗಲೇ ನೋಡಬಹುದಾದದ್ದು ಮೊದಲು: ಸಕ್ಷನ್ ಗೇಜ್, ಡಿಸ್ಚಾರ್ಜ್ (ದ್ರವ ಹೊರಹೋಗುವ ಕಡೆ) ಗೇಜ್, ಆಂಪ್ಸ್ (ಮೋಟಾರ್ ಎಳೆಯುವ ಕರೆಂಟ್), ವೈಬ್ರೇಶನ್ (ಅದುರಾಟ). ಎಪಿಐ 610 ಪಂಪ್‌ಗಳಿಗೆ ಬೇರಿಂಗ್ ಹೌಸಿಂಗ್‌ನಲ್ಲಿ ಸೆಕೆಂಡಿಗೆ 3 ಮಿಲಿಮೀಟರ್ ಆರ್‌ಎಂಎಸ್ (ಒಂದು ಬಗೆಯ ಸರಾಸರಿ) ಅಂತ ಮಿತಿ ಇದೆ. ಅಲೈನ್‌ಮೆಂಟ್ ಓರೆ ಇದ್ದರೆ ಅದು ತಿರುಗುವ ವೇಗದ ಒಂದು ಪಟ್ಟು, ಎರಡು ಪಟ್ಟಿನಲ್ಲಿ ಎದ್ದು ಕಾಣುತ್ತದೆ. ಕ್ಯಾವಿಟೇಶನ್ ಆದರೆ ಹಾಗೆ ಒಂದು ಕಡೆ ನಿಲ್ಲುವುದಿಲ್ಲ, ಮೇಲಿನ ಫ್ರೀಕ್ವೆನ್ಸಿಗಳಲ್ಲಿ ಹರಡಿಕೊಂಡಿರುತ್ತದೆ. ಯಂತ್ರವೇ ಹೇಳುತ್ತಿರುತ್ತದೆ, ನಿಲ್ಲಿಸುವ ಮೊದಲು ಕೇಳಿಸಿಕೊಳ್ಳಬೇಕು.

ಸೀಲ್ ವಿಷಯವೂ ಹೇಳಿಬಿಡುತ್ತೇನೆ. ಕಾರ್ಬನ್ ಮುಖ, ಸಿಲಿಕಾನ್ ಕಾರ್ಬೈಡ್ ಮುಖ ಒಂದರ ಮೇಲೊಂದು ಉಜ್ಜುತ್ತಾ ಓಡುತ್ತವೆ. ಚಪ್ಪಟೆತನ ಅಳೆಯುವುದು ಲೈಟ್ ಬ್ಯಾಂಡ್‌ನಲ್ಲಿ (ಮುಖದ ಮೇಲೆ ಕಾಣುವ ಬೆಳಕಿನ ಪಟ್ಟೆ), ಒಂದು ಬ್ಯಾಂಡ್ ಅಂದರೆ 0.3 ಮೈಕ್ರಾನ್‌ಗಿಂತ ಕಮ್ಮಿ. ಅಂಥ ಮುಖಕ್ಕೆ ಕೈಯ ಎಣ್ಣೆ, ಧೂಳು ತಾಗಿಸಬೇಡಿ. ಹೋದ ಸೀಲನ್ನು ಕಸಕ್ಕೆ ಎಸೆಯುವ ಮೊದಲು ಮುಖ ನೋಡಿ. ಗಟ್ಟಿ ಮುಖದ ಮೇಲೆ ಮಧ್ಯದಿಂದ ಹೊರಕ್ಕೆ ಕೂದಲೆಳೆಯ ಬಿರುಕು ಇದ್ದರೆ ಅದು ಒಣಗಿ ಓಡಿ ಬಿಸಿಯಾಗಿದೆ. ಸವೆದ ಗುರುತು ಮುಖಕ್ಕಿಂತ ಅಗಲ ಇದ್ದರೆ ಶಾಫ್ಟ್ ಆಡುತ್ತಿದೆ. ಒಡೆದ ಸೀಲಿನಲ್ಲಿ ಪೂರ್ತಿ ಕಥೆ ಬರೆದಿರುತ್ತದೆ, ಹೊಸದು ಹಾಕುವ ಅವಸರದಲ್ಲಿ ಯಾರೂ ಓದುವುದಿಲ್ಲ.

ಪಾಲಿಟೆಕ್ನಿಕ್ ಮೇಷ್ಟ್ರು

ಒಳ್ಳೆಯ ಚರ್ಚೆ. ಪಾಠ ಮಾಡುವಾಗ ಹುಡುಗರಿಗೆ ತಲೆಗೆ ಹೋಗದ ಒಂದು ವಿಷಯ ಇದೆ, ಇಲ್ಲಿ ಬರೆಯುತ್ತೇನೆ. ಸೆಂಟ್ರಿಫ್ಯೂಗಲ್ ಪಂಪ್ ಕೊಡುವುದು ಹೆಡ್, ಅಂದರೆ ಎತ್ತರ. ಒತ್ತಡ ಎಷ್ಟು ಅನ್ನುವುದು ದ್ರವದ ಸಾಂದ್ರತೆಯ ಮೇಲೆ ಹೋಗುತ್ತದೆ.

ನಮ್ಮ ಘಟ್ಟವನ್ನೇ ಉದಾಹರಣೆ ತೆಗೆದುಕೊಳ್ಳಿ. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರು ಹತ್ತಿರದ ದೇವನಗೊಂದಿಗೆ ಪೆಟ್ರೋಲ್, ಡೀಸೆಲ್ ಹೋಗುವ ಪೈಪ್‌ಲೈನ್ ಇದೆ, 360 ಕಿಲೋಮೀಟರ್‌ಗೂ ಜಾಸ್ತಿ, 2003ರಲ್ಲಿ ಶುರುವಾದದ್ದು. ಸಮುದ್ರದ ದಡದಿಂದ ಹಾಸನಕ್ಕೆ ಏರಬೇಕು, ಸುಮಾರು 950 ಮೀಟರ್. ಪೈಪಿನ ಉಜ್ಜಾಟ ಬಿಟ್ಟು ಬರೀ ಎತ್ತರಕ್ಕೇ ನೀರಾದರೆ 93 ಬಾರ್ ಬೇಕು. ಡೀಸೆಲ್ ಹಗುರ, 0.83 ಸಾಂದ್ರತೆ ಇಟ್ಟರೆ 77 ಬಾರ್. ಪೆಟ್ರೋಲ್ 0.74 ಅಂದರೆ 69 ಬಾರ್ ಹತ್ತಿರ. ಮೂರಕ್ಕೂ ಹೆಡ್ ಒಂದೇ, 950 ಮೀಟರ್.

ಈಗ ಒಂದೇ ಪೈಪಿನಲ್ಲಿ ಡೀಸೆಲ್ ಹಿಂದೆ ಪೆಟ್ರೋಲ್ ಬಂತು ಅನ್ನಿ. ಪಂಪ್ ಬದಲಾಗಿಲ್ಲ, ವೇಗ ಬದಲಾಗಿಲ್ಲ, ಆದರೆ ಡಿಸ್ಚಾರ್ಜ್ ಗೇಜ್ ಇಳಿಯುತ್ತದೆ, ಆಂಪ್ಸ್ ಇಳಿಯುತ್ತದೆ. ಗೊತ್ತಿಲ್ಲದವನು ಪಂಪ್ ಕೆಟ್ಟಿತು ಅಂದುಕೊಳ್ಳುತ್ತಾನೆ. ನಾಪೋಕ್ಲು ಅವರು ಹೈಡ್ರೋಜನ್ ಬಗ್ಗೆ ಹೇಳಿದ್ದೂ ಇದೇ ನಿಯಮ, ದ್ರವದ ಬದಲು ಗ್ಯಾಸ್ ಅಷ್ಟೇ.

ಗೋಣಿಕೊಪ್ಪ ಡಿಪ್ಲೊಮಾ

ಮೇಷ್ಟ್ರೇ, ನಿಮ್ಮ ಕ್ಲಾಸಿನಲ್ಲಿ ಕೂತ ಹಾಗೆ ಆಯಿತು. ಸರ್ಜ್ ಅಂದರೆ ಏನು ಅಂತಲೂ ಯಾರಾದರೂ ಹೇಳಿ. ಪುಸ್ತಕದಲ್ಲಿ ಗ್ರಾಫ್ ಇದೆ, ಅರ್ಥ ಆಗಿಲ್ಲ.

ವಿರಾಜಪೇಟೆ ಕೆಮಿಕಲ್

ಕಂಪ್ರೆಸರ್ ಆಚೆ ಕಡೆ ಒತ್ತಡ ಜಾಸ್ತಿ, ಈಚೆ ಕಮ್ಮಿ. ಗ್ಯಾಸ್ ಮುಂದಕ್ಕೆ ಹೋಗುತ್ತಿರುವುದು ಇಂಪೆಲ್ಲರ್ ತಳ್ಳುತ್ತಿರುವುದರಿಂದ ಮಾತ್ರ. ಹರಿವು ಒಂದು ಮಟ್ಟಕ್ಕಿಂತ ಕಡಿಮೆ ಆದರೆ ಇಂಪೆಲ್ಲರ್ ಕೈಬಿಡುತ್ತದೆ. ಆಚೆ ಕಡೆಯ ಗ್ಯಾಸ್ ಹಿಂದಕ್ಕೆ ನುಗ್ಗುತ್ತದೆ. ಆಚೆ ಒತ್ತಡ ಇಳಿದ ಕೂಡಲೇ ಇಂಪೆಲ್ಲರ್ ಮತ್ತೆ ತಳ್ಳುತ್ತದೆ. ಮತ್ತೆ ವಾಪಸ್. ಇದೆಲ್ಲ ಕ್ಷಣ ಕ್ಷಣಕ್ಕೂ ನಡೆಯುತ್ತದೆ. ರೋಟರ್ ಹಿಂದಕ್ಕೂ ಮುಂದಕ್ಕೂ ಗುದ್ದಿ ಥ್ರಸ್ಟ್ ಬೇರಿಂಗ್ (ಶಾಫ್ಟ್ ಹಿಂದೆ ಮುಂದೆ ಸರಿಯದಂತೆ ತಡೆಯುವುದು) ಹಾಳಾಗುತ್ತದೆ, ಸೀಲ್ ಉಜ್ಜುತ್ತದೆ, ಅದೇ ಗ್ಯಾಸನ್ನು ಮತ್ತೆ ಮತ್ತೆ ಹಿಂಡಿ ಬಿಸಿ ಏರುತ್ತದೆ. ಹತ್ತಿರ ಇದ್ದವರಿಗೆ ನೆಲವೇ ಗುದ್ದಿದ ಅನುಭವ.

ತಪ್ಪಿಸಲು ಆಂಟಿಸರ್ಜ್ ವಾಲ್ವ್ ಇರುತ್ತದೆ. ಹರಿವು ಕಮ್ಮಿ ಆಗುತ್ತಿದೆ ಅಂತ ಕಂಟ್ರೋಲರ್‌ಗೆ ಗೊತ್ತಾದರೆ ಡಿಸ್ಚಾರ್ಜ್ ಗ್ಯಾಸನ್ನು ಸಕ್ಷನ್‌ಗೆ ತಿರುಗಿಸಿ ಹರಿವು ಉಳಿಸುತ್ತದೆ. ಒಂದೆರಡು ಸೆಕೆಂಡಿನಲ್ಲಿ ಪೂರ್ತಿ ತೆರೆಯಬೇಕು. ಗ್ಯಾಸ್ ಉಳಿಸುತ್ತೇನೆ ಅಂತ ಆ ವಾಲ್ವನ್ನು ಮ್ಯಾನುಯಲ್‌ನಲ್ಲಿ ಮುಚ್ಚಿ ಇಡುವವರನ್ನು ನೋಡಿದರೆ ನನಗೆ ನಿಜಕ್ಕೂ ಭಯವಾಗುತ್ತದೆ. ಶಿಫ್ಟ್‌ನಲ್ಲಿ ಅದು ಆಟೋದಲ್ಲಿ ಇದೆಯಾ ಅಂತ ನೋಡುವುದು ನಿಮ್ಮ ಮೊದಲ ಕೆಲಸ ಆಗಲಿ.

ನಾಪೋಕ್ಲು ಟು ಗಲ್ಫ್

ಪಿಸ್ಟನ್ ಯಂತ್ರಕ್ಕೆ ಸರ್ಜ್ ಇಲ್ಲ, ಅದರ ಶತ್ರು ದ್ರವ. ಗ್ಯಾಸ್ ಹಿಂಡಬಹುದು, ದ್ರವ ಹಿಂಡಲು ಆಗುವುದಿಲ್ಲ. ಗ್ಯಾಸ್ ಜೊತೆ ದ್ರವ ಬಂದರೆ ವಾಲ್ವ್ ಪ್ಲೇಟ್ ಮುರಿಯುತ್ತದೆ, ದೊಡ್ಡ ಪ್ರಮಾಣದಲ್ಲಿ ಬಂದರೆ ರಾಡ್ ಬಾಗುತ್ತದೆ, ಸಿಲಿಂಡರ್ ಹೆಡ್ ಕೂಡ ಹೋಗಬಹುದು. ನಾಕ್‌ಔಟ್ ಡ್ರಮ್ (ಗ್ಯಾಸಿನಿಂದ ದ್ರವ ಬೇರ್ಪಡಿಸುವ ಪಾತ್ರೆ) ಲೆವೆಲ್ ಅಲಾರ್ಮ್ ಬಂದರೆ ಸುಮ್ನೆ ಒತ್ತಿ ನಿಲ್ಲಿಸಬೇಡಿ, ಫೀಲ್ಡಿಗೆ ಹೋಗಿ ಗೇಜ್ ಗ್ಲಾಸ್ ನೋಡಿ.

ಇನ್ನೊಂದು, ಸಿಲಿಂಡರ್ ಜಾಕೆಟ್ ನೀರು ತೀರಾ ತಣ್ಣಗೆ ಇರಬಾರದು. ಒಳಗೆ ಬರುವ ಗ್ಯಾಸಿಗಿಂತ 6 ಡಿಗ್ರಿಯಾದರೂ ಬಿಸಿ ಇರಬೇಕು. ಇಲ್ಲದಿದ್ದರೆ ಸಿಲಿಂಡರ್ ಗೋಡೆಯ ಮೇಲೆ ಗ್ಯಾಸ್ ಹನಿಗಟ್ಟುತ್ತದೆ, ಎಣ್ಣೆ ತೊಳೆದುಹೋಗುತ್ತದೆ. ತಣ್ಣಗಿದ್ದಷ್ಟೂ ಒಳ್ಳೆಯದು ಅಂತ ಕೂಲಿಂಗ್ ವಾಲ್ವ್ ಪೂರ್ತಿ ತೆರೆಯುವವರು ಬಹಳ ಮಂದಿ.

ವಾಲ್ವ್ ಕವರ್‌ಗಳ ಬಿಸಿ ದಿನಾ ಅಳೆದು ಬರೆದಿಡಿ. ಪಕ್ಕದ್ದಕ್ಕಿಂತ ಒಂದು ಜಾಸ್ತಿ ಬಿಸಿಯಾಗುತ್ತಾ ಹೋದರೆ ಆ ವಾಲ್ವ್ ಸೋರುತ್ತಿದೆ ಅಂತ ಅರ್ಥ.

ಗೋಣಿಕೊಪ್ಪ ಡಿಪ್ಲೊಮಾ

ಪರ್ಮಿಟ್ (ಕೆಲಸ ಶುರು ಮಾಡಲು ಬೇಕಾದ ಲಿಖಿತ ಅನುಮತಿ) ಬಗ್ಗೆಯೂ ಹೇಳಿ ಅಣ್ಣ. ಅಪ್ರೆಂಟಿಸ್ ಮಾಡಿದವರು ಹೇಳುತ್ತಾರೆ, ಬೆಳಿಗ್ಗೆ ಅರ್ಧ ದಿನ ಪರ್ಮಿಟ್‌ಗೆ ಕಾಯುವುದರಲ್ಲೇ ಹೋಗುತ್ತದೆ ಅಂತ.

ಕುಶಾಲನಗರ ಫಿಟ್ಟರ್

ಹೋಗಲಿ. ಕಾಯಿರಿ.

1988ರ ಜುಲೈ 6. ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ಪ್ಲಾಟ್‌ಫಾರ್ಮ್. ಅಲ್ಲಿ ಕಂಡೆನ್ಸೇಟ್ (ಗ್ಯಾಸಿನಿಂದ ಬೇರ್ಪಟ್ಟ ಹಗುರ ತೈಲ) ಪಂಪ್ ಎರಡು, ಎ ಮತ್ತು ಬಿ. ಎ ಪಂಪಿನ ಸೇಫ್ಟಿ ವಾಲ್ವ್ ತೆಗೆದು ಪರೀಕ್ಷೆಗೆ ಕೊಟ್ಟಿದ್ದರು. ಆ ಜಾಗಕ್ಕೆ ಬ್ಲೈಂಡ್ ಫ್ಲೇಂಜ್ (ಪೈಪಿನ ಬಾಯಿ ಮುಚ್ಚುವ ಬಿಲ್ಲೆ) ಹಾಕಿದ್ದರು, ಸರಿಯಾಗಿ ಬಿಗಿದಿರಲಿಲ್ಲ. ಕೆಲಸ ಆ ದಿನ ಮುಗಿಯಲಿಲ್ಲ. ರಾತ್ರಿ ಬಿ ಪಂಪ್ ಟ್ರಿಪ್ ಆಯಿತು. ರಾತ್ರಿ ಶಿಫ್ಟ್‌ನವರಿಗೆ ಎ ಪಂಪಿನ ದೊಡ್ಡ ಕೆಲಸ ಇನ್ನೂ ಶುರುವಾಗಿಲ್ಲ ಅಂತ ಗೊತ್ತಿತ್ತು, ಸೇಫ್ಟಿ ವಾಲ್ವ್ ಇಲ್ಲ ಅನ್ನುವುದು ಗೊತ್ತಿರಲಿಲ್ಲ. ವಾಲ್ವ್ ಪರ್ಮಿಟ್ ಬೇರೆ, ಪಂಪ್ ಪರ್ಮಿಟ್ ಬೇರೆ, ಒಂದಕ್ಕೊಂದು ಸಂಬಂಧ ಬರೆದಿರಲಿಲ್ಲ. ಎ ಪಂಪ್ ಚಾಲೂ ಮಾಡಲು ಹೋದರು. ಸೋರಿಕೆ, ಸ್ಫೋಟ. 167 ಜನ ಸತ್ತರು. ಆಮೇಲೆ ಲಾರ್ಡ್ ಕಲ್ಲೆನ್ ವಿಚಾರಣೆ 106 ಶಿಫಾರಸು ಕೊಟ್ಟಿತು.

ಅಲ್ಲಿ ಯಾವ ದೊಡ್ಡ ಯಂತ್ರವೂ ಒಡೆದಿರಲಿಲ್ಲ. ಒಂದು ಶಿಫ್ಟ್‌ನಿಂದ ಇನ್ನೊಂದು ಶಿಫ್ಟ್‌ಗೆ ಒಂದು ಮಾತು ತಲುಪಲಿಲ್ಲ, ಅಷ್ಟೇ. ನಮ್ಮ ದೇಶದಲ್ಲಿ ಪರ್ಮಿಟ್‌ಗೆ ಒಐಎಸ್‌ಡಿ (ತೈಲ ಉದ್ಯಮ ಸುರಕ್ಷತಾ ನಿರ್ದೇಶನಾಲಯ) 105 ಅನ್ನುವ ಸ್ಟ್ಯಾಂಡರ್ಡ್ ಇದೆ. ಸೇರಿದ ಮೊದಲ ವಾರ ಅದನ್ನು ಓದಿ. ಮೋಟಾರ್ ಫ್ಯೂಸ್ ತೆಗೆದಿದ್ದಾರಾ, ಬೀಗ ಹಾಕಿದ್ದಾರಾ, ಸಕ್ಷನ್ ಡಿಸ್ಚಾರ್ಜ್ ಎರಡೂ ಕಡೆ ಬ್ಲೈಂಡ್ ಬಿದ್ದಿದೆಯಾ, ಡ್ರೇನ್ ತೆರೆದು ನಿಜವಾಗಿ ಖಾಲಿ ಆಗಿದೆಯಾ, ನೀವೇ ಕಣ್ಣಾರೆ ನೋಡಿ. ಕಾಗದದ ಮೇಲೆ ಟಿಕ್ ಇದೆ ಅಂತ ನಂಬಿ ಬೋಲ್ಟ್ ಸಡಿಲಿಸಬೇಡಿ. ಸಡಿಲಿಸುವಾಗಲೂ ನಿಮ್ಮಿಂದ ದೂರದ ಕಡೆಯ ಬೋಲ್ಟ್ ಮೊದಲು, ಒಳಗೆ ಏನಾದರೂ ಉಳಿದಿದ್ದರೆ ಆಚೆಗೆ ಹಾರಲಿ. ಸೂಪರ್‌ವೈಸರ್ ಅವಸರ ಮಾಡಿದರೆ ಆಗಲ್ಲ ಅನ್ನಿ. ಮನೆಯಲ್ಲಿ ನಿಮ್ಮನ್ನು ಕಾಯುವವರು ಇದ್ದಾರೆ.

ಸಂಪಾಜೆ ಮಿಲ್‌ರೈಟ್

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಜೊತೆಗೆ ಹೊಸಬರಿಗೆ ಒಂದು ಮಾತು. ಸೆಂಟ್ರಿಫ್ಯೂಗಲ್ ಪಂಪನ್ನು ಡಿಸ್ಚಾರ್ಜ್ ಕೊಂಚವೇ ತೆರೆದು ಶುರು ಮಾಡುತ್ತೀರಿ, ಆ ಅಭ್ಯಾಸ ಕೈಗೆ ಹತ್ತಿರುತ್ತದೆ. ಅದೇ ಅಭ್ಯಾಸವನ್ನು ಗೇರ್ ಪಂಪ್, ಪ್ಲಂಜರ್ ಪಂಪ್ ಮೇಲೆ ಮಾಡಬೇಡಿ. ಅವಕ್ಕೆ ದಾರಿ ಮುಚ್ಚಿದರೆ ಒತ್ತಡ ಏರುತ್ತಲೇ ಹೋಗುತ್ತದೆ, ರಿಲೀಫ್ ವಾಲ್ವ್ ತೆರೆಯಬೇಕು ಇಲ್ಲವೇ ಏನಾದರೂ ಒಡೆಯಬೇಕು. ಪೂರ್ತಿ ತೆರೆದೇ ಶುರು ಮಾಡಿ.

ಸುಂಟಿಕೊಪ್ಪ ತೋಟ

ನನ್ನದು ಚಿಕ್ಕ ಪ್ರಶ್ನೆ. ಮಳೆಗಾಲದಲ್ಲಿ ಪಂಪ್ ಶೆಡ್‌ನಲ್ಲೇ ನಿಂತಿರುತ್ತದೆ, ಮುಂದಿನ ಬೇಸಿಗೆಗೆ ತೆಗೆದರೆ ತಿರುಗುವುದೇ ಇಲ್ಲ. ದೊಡ್ಡ ಪ್ಲಾಂಟ್‌ಗಳಲ್ಲಿ ಸುಮ್ನೆ ನಿಂತ ಪಂಪ್‌ಗಳಿಗೆ ಏನು ಮಾಡುತ್ತಾರೆ?

ಸಂಪಾಜೆ ಮಿಲ್‌ರೈಟ್

ಪ್ಲಾಂಟ್‌ನಲ್ಲಿ ಒಂದು ಓಡುವ ಪಂಪಿಗೆ ಪಕ್ಕದಲ್ಲಿ ಒಂದು ಸ್ಟ್ಯಾಂಡ್‌ಬೈ ಇರುತ್ತದೆ. ಅದನ್ನು ಸುಮ್ನೆ ಬಿಟ್ಟರೆ ಪಕ್ಕದ ಪಂಪಿನ ಅದುರಾಟಕ್ಕೆ ಬೇರಿಂಗ್ ಗುಂಡುಗಳು ಒಂದೇ ಜಾಗದಲ್ಲಿ ಕೂತು ಗುಳಿ ಮಾಡುತ್ತವೆ. ಹಾಗಾಗಿ ಆಗಾಗ ಶಾಫ್ಟ್ ಕೈಯಲ್ಲಿ ತಿರುಗಿಸುತ್ತಾರೆ, ಒಂದು ಸುತ್ತು ಮತ್ತು ಕಾಲು ಸುತ್ತು, ಗುಂಡು ಹಳೇ ಜಾಗದಲ್ಲೇ ಮತ್ತೆ ನಿಲ್ಲದಿರಲಿ ಅಂತ. ಶಾಫ್ಟ್ ತುದಿಗೆ ಬಣ್ಣದ ಗುರುತು ಹಾಕಿರುತ್ತಾರೆ. ಬೇರಿಂಗ್ ಹೌಸಿಂಗ್ ಎಣ್ಣೆಯಲ್ಲಿ ನೀರು ಸೇರಿದೆಯಾ ಅಂತ ತಳದ ಡ್ರೇನ್‌ನಿಂದ ಸ್ವಲ್ಪ ತೆಗೆದು ನೋಡುತ್ತಾರೆ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಬದಲಾಯಿಸಬೇಕು.

ನೀವು ಜೂನ್ ಮೊದಲೇ ಕೇಸಿಂಗ್‌ನ ತಳದ ಪ್ಲಗ್ ಬಿಚ್ಚಿ ನೀರು ಪೂರ್ತಿ ತೆಗೆಯಿರಿ. ಒಳಗೆ ಸ್ವಲ್ಪ ಎಣ್ಣೆ ಹಾಕಿ ಕೈಯಲ್ಲಿ ತಿರುಗಿಸಿ. ಗ್ಲ್ಯಾಂಡ್ ನಟ್ ಸಡಿಲ ಮಾಡಿ, ಒದ್ದೆ ಪ್ಯಾಕಿಂಗ್ ಶಾಫ್ಟ್‌ಗೆ ಅಂಟಿ ತುಕ್ಕು ಹಿಡಿಸುತ್ತದೆ. ವಾರಕ್ಕೊಮ್ಮೆ ಶೆಡ್‌ಗೆ ಹೋದಾಗ ಕಪ್ಲಿಂಗ್ ಹಿಡಿದು ತಿರುಗಿಸಿದರೆ ಸಾಕು. ಡೀಸೆಲ್ ಟ್ಯಾಂಕ್ ಅರ್ಧ ಖಾಲಿ ಇಡಬೇಡಿ, ನಮ್ಮ ಕಡೆಯ ತೇವಕ್ಕೆ ಒಳಗೆ ನೀರು ಕಟ್ಟುತ್ತದೆ, ತುಂಬಿಸಿಯೇ ಇಡಿ.

ಗೋಣಿಕೊಪ್ಪ ಡಿಪ್ಲೊಮಾ

ಕೊನೆಗೆ ಒಂದು, ಸರ್ಟಿಫಿಕೇಟ್ ಯಾವುದು ಮಾಡಿದರೆ ಉಪಯೋಗ?

ನಾಪೋಕ್ಲು ಟು ಗಲ್ಫ್

ವೈಬ್ರೇಶನ್ ಅನಾಲಿಸ್ಟ್ ಮಾಡು. ಐಎಸ್ಒ 18436-2 ಪ್ರಕಾರ ನಾಲ್ಕು ಹಂತ ಇದೆ, ಮೊದಲ ಎರಡು ಇದ್ದರೆ ಗಲ್ಫ್‌ನಲ್ಲಿ ಕೇಳುತ್ತಾರೆ. ಆದರೆ ಅದಕ್ಕೆ ಮೊದಲು ಎಲ್ಲಾದರೂ ಅಪ್ರೆಂಟಿಸ್ ಮುಗಿಸಿಕೋ. ಬೇರಿಂಗ್ ಕೈಯಲ್ಲಿ ಹಾಕದವನಿಗೆ ಗ್ರಾಫ್ ನೋಡಿ ಏನೂ ತಿಳಿಯುವುದಿಲ್ಲ. ಬಯೋಡೇಟಾ ಕಳಿಸು, ನೋಡಿ ತಿದ್ದಿಕೊಡುತ್ತೇನೆ.